ಚಿನ್ನ ಬೆರೆಸಿ ತಂದ ಕಪ್ಪು

ಚಿನ್ನಕ್ಕೆ ತಾಮ್ರ ಬೆರೆಸುವುದು ಎಲ್ಲರಿಗೂ ಗೊತ್ತು. ತಾಮ್ರಕ್ಕೆ ಚಿನ್ನ ಬೆರೆಸಿ ಅಂದರೆ ನಮ್ಮ ಅಕ್ಕಸಾಲಿಗಳು ನಕ್ಕಾರು. ಜಪಾನಿನ ಕಸುಬುದಾರರು ಶತಮಾನಗಳ ಕಾಲ ಅದನ್ನೇ ಮಾಡಿದರು. ನೂರು ಪಾಲಿನಲ್ಲಿ ಮೂರರಿಂದ ಐದು ಪಾಲು ಚಿನ್ನ, ಉಳಿದದ್ದು ತಾಮ್ರ. ಕರಗಿಸಿ ಗಟ್ಟಿ ಮಾಡಿದರೆ ನೋಡೋಕೆ ಸಾದಾ ತಾಮ್ರವೇ. ಹಾಕಿದ ಚಿನ್ನ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಅದನ್ನು ತಿದ್ದಿ, ಕೆತ್ತಿ, ಉಜ್ಜಿ, ಕೊನೆಗೆ ಒಂದು ದ್ರಾವಣದಲ್ಲಿ ಕುದಿಸುತ್ತಾರೆ. ಆಗ ಮೈಯೆಲ್ಲ ಕಪ್ಪಾಗುತ್ತದೆ. ಬೆಳಕಿಗೆ ಸ್ವಲ್ಪ ಓರೆ ಮಾಡಿದರೆ ಆ ಕಪ್ಪಿನೊಳಗೆ ನೀಲಿ, ನೇರಳೆ ಮಿಣುಕುತ್ತದೆ. ಮಳೆಯಲ್ಲಿ ನೆನೆದ ಕಾಗೆಯ ರೆಕ್ಕೆ ಅಂತ ಜಪಾನಿನವರು ಅದನ್ನು ವರ್ಣಿಸುತ್ತಾರೆ. ಲೋಹದ ಹೆಸರು ಶಕುದೋ.

ಇದಕ್ಕಾಗಿಯೇ ಚಿನ್ನ ಖರ್ಚು ಮಾಡುತ್ತಿದ್ದರು. ಬರೀ ಕಪ್ಪಿಗೆ! ನನಗೆ ಈ ಕಸುಬಿನ ಹುಚ್ಚು ಹಿಡಿಸಿದ್ದೇ ಈ ವಿಷಯ. ಚಿನ್ನ ಇದೆ ಅಂತ ತೋರಿಸಿಕೊಳ್ಳುವ ಆಸೆ ಇಲ್ಲದ ಚಿನ್ನದ ಕೆಲಸ ಅಲ್ವಾ ಇದು?

ಕುದಿಸುವ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಸಣ್ಣ ಫಲಕ ಇದೆ ಅಂದುಕೊಳ್ಳಿ. ನೆಲ ಶಕುದೋ. ಮೇಲೆ ಒಂದು ಹೂವಿನ ಕೊಂಬೆ, ಅದು ತಾಮ್ರದ್ದು. ಹಿಂದೆ ಮಂಜು, ಅದು ಶಿಬುಇಚಿಯದ್ದು, ಅಂದರೆ ತಾಮ್ರಕ್ಕೆ ಕಾಲುಭಾಗದಷ್ಟು ಬೆಳ್ಳಿ ಸೇರಿಸಿದ ಇನ್ನೊಂದು ಮಿಶ್ರಲೋಹ. ಹೂವು ಚಿನ್ನ, ಚಂದ್ರ ಬೆಳ್ಳಿ. ಕೆತ್ತುವವನ ಮುಂದೆ ಇರುವಾಗ ಕೊಂಬೆಗೂ ನೆಲಕ್ಕೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ, ಎರಡೂ ತಾಮ್ರದ ಕೆಂಪು. ಯಾವುದು ರಾತ್ರಿ, ಯಾವುದು ಮರ ಅನ್ನುವುದು ಅವನ ತಲೆಯಲ್ಲಿ ಮಾತ್ರ ಇದೆ. ಎಲ್ಲ ಮುಗಿದ ಮೇಲೆ ಇದ್ದಿಲ ಪುಡಿಯಿಂದ ನುಣ್ಣಗೆ ಉಜ್ಜುತ್ತಾನೆ. ಇಲ್ಲಿಂದ ಮುಂದೆ ಬೆರಳು ತಾಗಿಸುವ ಹಾಗಿಲ್ಲ. ಚರ್ಮದ ಜಿಡ್ಡು ಒಂಚೂರು ಅಂಟಿದರೂ ಅಲ್ಲಿ ಕಲೆ ಉಳಿಯುತ್ತದೆ. ನಂತರ ತುರಿದ ಮೂಲಂಗಿ ಬಳಿಯುತ್ತಾನೆ. ಹೌದು, ಸಾಂಬಾರಿಗೆ ಹಾಕುವ ಬಿಳಿ ಮೂಲಂಗಿಯದೇ ಜಪಾನೀ ಅಣ್ಣ, ದೈಕಾನ್. ಬಣ್ಣ ಎಲ್ಲ ಕಡೆ ಒಂದೇ ಸಮ ಹಿಡಿಯಲಿ ಅಂತ ಹಾಗೆ ಮಾಡುತ್ತಾರೆ. ಬಳಿದದ್ದನ್ನು ಹಾಗೇ ತೆಗೆದುಕೊಂಡು ಹೋಗಿ ಕುದಿಯುವ ಪಾತ್ರೆಗೆ ಇಳಿಸುತ್ತಾನೆ. ಪಾತ್ರೆಯಲ್ಲಿ ರೊಕುಶೋ ಅನ್ನುವ ಹಸಿರು ತಾಮ್ರದ ಕಿಲುಬು, ಒಂದಿಷ್ಟು ಮೈಲುತುತ್ತ, ನೀರು.

ಅದೇ ಒಂದು ಪಾತ್ರೆಯಲ್ಲಿ, ಒಂದೇ ಸಲಕ್ಕೆ, ತಾಮ್ರ ಕೆಂಪು ಕಂದಾಗುತ್ತದೆ. ಶಿಬುಇಚಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಶಕುದೋ ಕಪ್ಪಾಗುತ್ತದೆ. ಚಿನ್ನ, ಬೆಳ್ಳಿ ಇದ್ದ ಹಾಗೇ ಇರುತ್ತವೆ. ಕುಂಚ ಇಲ್ಲ, ಬಣ್ಣ ಇಲ್ಲ. ಕರಗಿಸುವ ದಿನವೇ ಒಳಗೆ ಹಾಕಿಟ್ಟಿದ್ದ ಬಣ್ಣ ಈಗ ಹೊರಗೆ ಬಂತು, ಅಷ್ಟೇ. ಆ ಬಣ್ಣದ ಪದರ ಎಷ್ಟು ತೆಳು ಅಂದರೆ, ಜೋರಾಗಿ ಉಜ್ಜಿದರೆ ಹೋಗಿಬಿಡುತ್ತದೆ. ಪಾಲಿಶ್ ಹಾಕುತ್ತೇನೆ ಅಂತ ಹೊರಟ ಒಳ್ಳೇ ಮನಸ್ಸಿನ ಮಾಲೀಕರಿಂದ ಹಾಳಾದ ವಸ್ತುಗಳು ಬೇಕಾದಷ್ಟಿವೆ.

ಬೀದರಿನವರು ಇದನ್ನು ಓದಿದರೆ 'ಇದರಲ್ಲಿ ಏನು ಹೊಸದು?' ಅನ್ನಬಹುದು. ಬಿದರಿ ಕೆಲಸದಲ್ಲೂ ಬಣ್ಣ ಬರುವುದು ಕೊನೆಗೇ. ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಹೂಜಿಯ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿದ ಬಿಸಿ ನೀರಿಗೆ ಹಾಕುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಡು ಕಸುಬಿಗೂ ನೆಂಟಸ್ತಿಕೆ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಲೋಹಕ್ಕೆ ಬಣ್ಣ ಬಳಿಯದೆ ಲೋಹದಿಂದಲೇ ಬಣ್ಣ ಬರಿಸುವ ಯೋಚನೆ ಎರಡರಲ್ಲೂ ಒಂದೇ. ಬಿದರಿ ಎರಡು ಬಣ್ಣದಲ್ಲಿ ನಿಂತಿತು. ಜಪಾನಿನವರು ಐದಾರು ಬಣ್ಣ ಬೇಕು ಅಂತ ಹಟ ಹಿಡಿದರು.

ಇಷ್ಟೆಲ್ಲ ಮಾಡುತ್ತಿದ್ದದ್ದು ಯಾವುದಕ್ಕೆ? ಬಹುಪಾಲು ಕತ್ತಿಗೆ. ಕತ್ತಿಯ ಅಲಗಿಗಲ್ಲ, ಅದರ ಸುತ್ತ ಇರುವ ಸಣ್ಣಪುಟ್ಟ ಸಾಮಾನಿಗೆ. ಹಿಡಿಗೂ ಅಲಗಿಗೂ ನಡುವೆ ಒಂದು ತಟ್ಟೆ ಇರುತ್ತದೆ, ತ್ಸುಬಾ. ಏಳೆಂಟು ಸೆಂಟಿಮೀಟರ್ ಅಗಲ, ಅಂಗೈಯಲ್ಲಿ ಹಿಡಿಸುತ್ತದೆ. ನಡುವೆ ಅಲಗು ತೂರುವ ತೂತು. ಒರೆಯ ಪಕ್ಕದಲ್ಲಿ ಸಿಕ್ಕಿಸುವ ಪುಟ್ಟ ಚಾಕುವಿನ ಹಿಡಿ ಕೊಜುಕಾ, ಬೆರಳಗಲವೂ ಇಲ್ಲ. ಹಿಡಿಗೆ ಸುತ್ತುವ ದಾರದ ಕೆಳಗೆ ಎರಡು ಪುಟಾಣಿ ಅಲಂಕಾರ, ಮೆನುಕಿ. ಅವು ಅರ್ಧ ದಾರದಲ್ಲೇ ಮುಚ್ಚಿಹೋಗಿರುತ್ತವೆ. ಅಲ್ಲೂ ಸಿಂಹದ ಕೇಸರದ ಒಂದೊಂದು ಎಳೆಯನ್ನೂ ಬಿಡಿಸಿರುತ್ತಾರೆ.

ಇದು ಯುದ್ಧದ ಕಲೆ ಅಂತ ಯಾರಾದರೂ ಅಂದರೆ ನಂಬಬೇಡಿ. 1615ರಲ್ಲಿ ಒಸಾಕಾ ಕೋಟೆ ಬಿದ್ದಿತು, 1638ರಲ್ಲಿ ಶಿಮಾಬಾರಾ ದಂಗೆ ಅಡಗಿತು. ಅಲ್ಲಿಂದ ಮುಂದೆ ಎರಡು ಶತಮಾನಕ್ಕೂ ಜಾಸ್ತಿ ಕಾಲ ಜಪಾನಿನಲ್ಲಿ ದೊಡ್ಡ ಯುದ್ಧವೇ ಇಲ್ಲ. ಈ ಕಸುಬು ಬೆಳೆದು ಕೊಬ್ಬಿದ್ದು ಆ ಶಾಂತಿಯ ದಿನಗಳಲ್ಲೇ. ಸಮುರಾಯ್ ಸೊಂಟದ ಕತ್ತಿ ದಿನಾ ಹೊರಗೆ ಹೋಗುವಾಗ ಹಾಕಿಕೊಳ್ಳುವ ಒಡವೆ ಆಯಿತು. ಕಾಸಿದ್ದ ವ್ಯಾಪಾರಿಗಳಿಗೂ ಗಿಡ್ಡ ಕತ್ತಿ ಇಟ್ಟುಕೊಳ್ಳಲು ಅವಕಾಶ ಇತ್ತು. ಅವರ ಶೋಕಿಗೆ ಕೊನೆಯೇ ಇರಲಿಲ್ಲ. ಕವಚ ಮಾಡುವ ಮ್ಯೋಚಿನ್ ಮನೆತನದವರು ಕೆಲಸ ಕಡಿಮೆಯಾಗಿ ಏನು ಮಾಡಿದರು ಗೊತ್ತಾ? ಕಬ್ಬಿಣದ ಡ್ರ್ಯಾಗನ್, ಸೀಗಡಿ, ಏಡಿ ಮಾಡಿದರು. ಒಂದೊಂದು ಕೀಲೂ ಆಡುತ್ತದೆ, ಬೇಕಾದ ಹಾಗೆ ಮೈ ತಿರುಗಿಸಿ ಕೂರಿಸಬಹುದು. ಮ್ಯೋಚಿನ್ ಮುನೆಅಕಿ 1713ರ ಇಸವಿ ಕೆತ್ತಿದ ಒಂದು ಡ್ರ್ಯಾಗನ್ ಟೋಕಿಯೋ ನ್ಯಾಷನಲ್ ಮ್ಯೂಸಿಯಮ್ಮಿನಲ್ಲಿದೆ. ಕವಚದವನಿಗೆ ಪುರುಸೊತ್ತು ಸಿಕ್ಕರೆ ಹೀಗಾಗುತ್ತದೆ.

ಕತ್ತಿ ಸಾಮಾನಿನಲ್ಲಿ ದೊಡ್ಡ ಮನೆತನ ಗೋತೋಗಳದ್ದು. 15ನೇ ಶತಮಾನದಲ್ಲಿ ಗೋತೋ ಯೂಜೋ ಅಶಿಕಾಗಾ ಮನೆತನದ ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ಯೋಶಿಮಾಸಾನ ಆಶ್ರಯದಲ್ಲಿ ಶುರು ಮಾಡಿದ. ಅಲ್ಲಿಂದ 17 ತಲೆಮಾರು. ಶೋಗನ್‌ಗಳು ಬದಲಾದರು, ನೊಬುನಾಗಾ ಬಂದು ಹೋದ, ಹಿದೆಯೋಶಿ ಬಂದು ಹೋದ, ತೊಕುಗಾವಾಗಳು ಬಂದರು. ಗೋತೋಗಳು ಮಾತ್ರ ಕೂತಲ್ಲೇ ಇದ್ದರು. ಹಿದೆಯೋಶಿಯ ಕಾಲದಲ್ಲಿ 1588ರಲ್ಲಿ ದೊಡ್ಡ ಚಿನ್ನದ ನಾಣ್ಯ ಓಬನ್ ಮಾಡುವ ಹೊಣೆಯೂ ಐದನೇ ತಲೆಮಾರಿನ ತೊಕುಜೋನಿಗೇ ಸಿಕ್ಕಿತು. ಹಳೇ ತಲೆಮಾರಿನವರು ಸಹಿ ಹಾಕದೆ ಬಿಟ್ಟ ವಸ್ತುಗಳಿಗೆ 'ಇದು ನಮ್ಮ ಮನೆಯದೇ' ಅಂತ ಪತ್ರ ಬರೆದು ಕೊಡುವ ವ್ಯವಹಾರವೂ ಅವರದೇ. ಮುತ್ತಜ್ಜನ ಕೆಲಸಕ್ಕೆ ಮರಿಮೊಮ್ಮಗನ ಸರ್ಟಿಫಿಕೇಟ್. ಒಳ್ಳೇ ಧಂದೆ!

ಗೋತೋ ಕೆಲಸದಲ್ಲಿ ನಾನು ನೋಡುವುದು ಅವರ ಡ್ರ್ಯಾಗನ್, ಸಿಂಹಗಳನ್ನಲ್ಲ. ಅವುಗಳ ಹಿಂದಿನ ನೆಲವನ್ನು. ಶಕುದೋ ಮೇಲೆ ಮೀನಿನ ಮೊಟ್ಟೆ ಹರಡಿದ ಹಾಗೆ ಸಾಲು ಸಾಲು ಗುಂಡು ಚುಕ್ಕೆಗಳಿರುತ್ತವೆ, ನನಾಕೋ ಅಂತಾರೆ. ತುದಿಯಲ್ಲಿ ಪುಟ್ಟ ಬಟ್ಟಲಿನಂಥ ಹಳ್ಳ ಇರುವ ಉಳಿಯನ್ನು ಇಟ್ಟು ಸುತ್ತಿಗೆಯಿಂದ ಹೊಡೆದರೆ ಒಂದು ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ಒಂದೊಂದೂ ಒಂದು ಮಿಲಿಮೀಟರಿಗಿಂತ ಸಣ್ಣದು. ಸಾಲು ಸೊಟ್ಟಗಾಗಬಾರದು, ಒಂದು ಏಟು ಜೋರಾಗಬಾರದು. ಇದನ್ನೇ ಜೀವನವಿಡೀ ಮಾಡುವ ಬೇರೆ ಕುಶಲಕರ್ಮಿಗಳೇ ಇದ್ದರು. ಸಹಿ ಮಾತ್ರ ಸಿಂಹ ಕೆತ್ತಿದವನದು. ಒಂದು ತ್ಸುಬಾದ ನೆಲವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಹೋದರೆ ಸಿಂಹ ಮರೆತೇ ಹೋಗುತ್ತದೆ.

ಗೋತೋಗಳ ಕೆಲಸ ಅಚ್ಚುಕಟ್ಟು. ಸ್ವಲ್ಪ ಬೇಜಾರೂ ಬರಿಸುತ್ತದೆ. ದರ್ಬಾರಿನ ಕೆಲಸ ಅಂದರೆ ಹಾಗೇ ತಾನೇ. ಆ ಬೇಜಾರು ಕಳೆದವನು ಯೋಕೊಯಾ ಸೋಮಿನ್. 1670ರಲ್ಲಿ ಹುಟ್ಟಿದವನು. ಸರ್ಕಾರಿ ಕೆಲಸ ಬಿಟ್ಟು ಎದೋ, ಅಂದರೆ ಈಗಿನ ಟೋಕಿಯೋ, ಪಟ್ಟಣದ ಜನಕ್ಕೆ ಕೆತ್ತಲು ಕೂತ. ಚಿತ್ರಕಾರ ಹನಾಬುಸಾ ಇಚ್ಚೋ ಇವನ ಸ್ನೇಹಿತ. ಅವನ ಕುಂಚದ ಗೆರೆಯನ್ನು ಲೋಹದಲ್ಲಿ ತರಬೇಕು ಅಂತ ಸೋಮಿನ್‌ಗೆ ಆಸೆ. ಉಳಿಯನ್ನು ಓರೆಯಾಗಿ ಹಿಡಿದು ತಳ್ಳುತ್ತಾನೆ. ಗೆರೆಯ ಒಂದು ಕಡೆ ಗೋಡೆಯ ಹಾಗೆ ನೆಟ್ಟಗೆ, ಇನ್ನೊಂದು ಕಡೆ ಇಳಿಜಾರು. ಬೆಳಕು ಬಿದ್ದಾಗ ಇಳಿಜಾರು ಹೊಳೆಯುತ್ತದೆ, ಗೋಡೆಯ ಕಡೆ ನೆರಳು. ಉಳಿ ಆಳಕ್ಕೆ ಹೋದಲ್ಲಿ ಗೆರೆ ದಪ್ಪ, ಮೇಲೆದ್ದಲ್ಲಿ ಸಪೂರ. ಶಾಯಿ ಆರುವ ಮುಂಚೆ ಕೈ ಎತ್ತಿದ ಹಾಗೆ ಬಾಲ ಎಳೆದು ನಿಲ್ಲುತ್ತದೆ. ತಿದ್ದಲು ಜಾಗವೇ ಇಲ್ಲ. ಒಮ್ಮೆ ಹೋದ ಲೋಹ ಹೋಯಿತು.

ಈ ಎಲ್ಲದರ ಹಿಂದೆ ಇನ್ನೊಬ್ಬ ಇದ್ದಾನೆ, ಅವನ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಗಿರಾಕಿ. ಸೋಮಿನ್‌ನ ಗೆರೆಗೂ ಸೋಮಿನ್‌ನ ನಕಲಿ ಗೆರೆಗೂ ಇರುವ ವ್ಯತ್ಯಾಸ ಅವನಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಅಪ್ಪನ ಸೊಂಟದಲ್ಲಿ ನೋಡಿದ್ದ, ದೊಡ್ಡವನಾಗಿ ತನ್ನ ಸೊಂಟದಲ್ಲಿ ಕಟ್ಟಿಕೊಂಡ. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದ. ಹಿಂಬದಿಯಲ್ಲಿ ಏನಿದೆ ಅಂತಲೂ ಕೇಳುತ್ತಿದ್ದ. ಅದಕ್ಕೇ ತ್ಸುಬಾಗಳ ಹಿಂಬದಿಯಲ್ಲೂ ಚಿತ್ರ ಮುಂದುವರಿಯುತ್ತದೆ. ಮುಂದೆ ಬಳ್ಳಿಯ ಬೇರು ಇದ್ದರೆ ಹಿಂದೆ ಅದರ ಒಂದು ಎಲೆ. ಮುಂದೆ ಬೇಟೆಗಾರ, ಹಿಂದೆ ಓಡುವ ಮೊಲ.

1876ರ ಮಾರ್ಚ್ 28ರಂದು ಮೇಜಿ ಸರ್ಕಾರ, ಅಂದರೆ ಶೋಗನ್‌ಗಳು ಹೋದ ಮೇಲೆ ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಸರ್ಕಾರ, ಆಜ್ಞೆ ಹೊರಡಿಸಿತು. ಸೈನಿಕರು, ಪೊಲೀಸರು, ವಿಶೇಷ ಸಮಾರಂಭದ ಉಡುಪಿನಲ್ಲಿರುವವರು ಬಿಟ್ಟು ಬೇರೆ ಯಾರೂ ಕತ್ತಿ ಕಟ್ಟಿಕೊಂಡು ಓಡಾಡುವ ಹಾಗಿಲ್ಲ. ಅದೇ ವರ್ಷ ಸಮುರಾಯ್‌ಗಳಿಗೆ ಬರುತ್ತಿದ್ದ ಸಂಬಳವೂ ನಿಂತಿತು. ಕತ್ತಿಗಳು ಅಂಗಡಿಗಳಿಗೆ ಬಂದವು. ಚಿನ್ನ ಬೆಳ್ಳಿ ಇದ್ದ ಸಾಮಾನು ಕರಗಿಹೋಯಿತು, ಉಳಿದದ್ದು ಹಡಗು ಹತ್ತಿತು. ಬಾಸ್ಟನ್ನಿನ ವಿಲಿಯಂ ಸ್ಟರ್ಜಿಸ್ ಬಿಗೆಲೋ ಅಂಥವರು ಪೆಟ್ಟಿಗೆಗಟ್ಟಲೆ ಕೊಂಡರು. ಅವನ ಸಂಗ್ರಹ ಇವತ್ತು ಅಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ.

ಈ ಆಜ್ಞೆ ಕಸುಬನ್ನು ಕೊಂದಿತು ಅಂತ ಎಲ್ಲ ಕಡೆ ಓದುತ್ತೇವೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೈಗಳು ಎಲ್ಲೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಆಮೇಲಿನ ಮೂವತ್ತು ವರ್ಷಗಳಲ್ಲಿ ಮಾಡಿದಷ್ಟು ಕಷ್ಟದ ಕೆಲಸವನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ಕಳೆದುಹೋದದ್ದು ಆ ಗಿರಾಕಿ.

ಕಾನೋ ನತ್ಸುವೊನನ್ನೇ ನೋಡಿ. 1828ರಲ್ಲಿ ಕ್ಯೋತೋದ ಅಕ್ಕಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿ, ಕತ್ತಿ ಅಂಗಡಿಯವರ ಮನೆಗೆ ದತ್ತು ಹೋದ ಹುಡುಗ. ಅಂಗಡಿಗೆ ಬರುವ ಸಾಮಾನು ನೋಡುತ್ತಲೇ ಕೆತ್ತುವ ಹುಚ್ಚು ಹತ್ತಿತು. ಕೆತ್ತನೆಯ ಜೊತೆಗೆ ನಕಾಜಿಮಾ ರೈಶೋ ಬಳಿ ಚಿತ್ರವನ್ನೂ ಕಲಿತ. 1854ರಲ್ಲಿ ಎದೋಗೆ ಬಂದ. ಕಾಲ ಕೆಟ್ಟಾಗ ಇವನಿಗೆ ಒಲಿದದ್ದು ನಾಣ್ಯ. ಹೊಸ ಸರ್ಕಾರ ಹೊಸ ನಾಣ್ಯ ತರಬೇಕು ಅಂತ ಹೊರಟಿತ್ತು. ಮುಚ್ಚಿಹೋಗಿದ್ದ ಹಾಂಗ್‌ಕಾಂಗ್ ಟಂಕಸಾಲೆಯ ಯಂತ್ರಗಳನ್ನು ಕೊಂಡುಕೊಂಡಿತ್ತು. ಅಚ್ಚುಗಳನ್ನು ಮಾತ್ರ ಇಂಗ್ಲೆಂಡಿನಲ್ಲಿ ಕೆತ್ತಿಸುವ ಯೋಚನೆ. ನತ್ಸುವೊನ ಕೆಲಸ ನೋಡಿದ ಮೇಲೆ ಆ ಯೋಚನೆ ಬಿಟ್ಟರು. 1871ರಲ್ಲಿ ಒಸಾಕಾ ಟಂಕಸಾಲೆ ಶುರುವಾಯಿತು. 1870ರ ಇಸವಿ ಹೊತ್ತ ಬೆಳ್ಳಿಯ ಒಂದು ಯೆನ್ ನಾಣ್ಯದ ಮೇಲೆ ಸುತ್ತಿಕೊಂಡು ಕೂತ ಡ್ರ್ಯಾಗನ್ ಅವನ ಬಳಗದ್ದು. ಅದರ ಹುರುಪೆ ನೋಡಿದರೆ ಗೊತ್ತಾಗುತ್ತದೆ, ಇದು ಕತ್ತಿ ಸಾಮಾನು ಕೆತ್ತಿದ ಕೈ. ಜೇಬಿನಲ್ಲಿ ಹಾಕಿಕೊಂಡು ಹೋಗುವ ಚಿಲ್ಲರೆಗೆ ಇಷ್ಟು ಒಳ್ಳೇ ಕೆಲಸಗಾರ ಎಷ್ಟು ದೇಶಗಳಿಗೆ ಸಿಕ್ಕಿದ್ದಾನೆ? ಮೇಜಿ ಚಕ್ರವರ್ತಿ ಇಷ್ಟಪಟ್ಟ 8ನೇ ಶತಮಾನದ ಅಲಗು, ಸುಯಿರ್ಯೂಕೆನ್‌ಗೂ ಹೊಸ ಸಾಮಾನು ಮಾಡಿದ್ದು ಇವನೇ. 1890ರಲ್ಲಿ ಟೋಕಿಯೋ ಕಲಾಶಾಲೆಯ ಪ್ರಾಧ್ಯಾಪಕ, ಅರಮನೆಯ ಕಲಾವಿದ ಅನ್ನುವ ಪದವಿ. 1898ರಲ್ಲಿ ತೀರಿಕೊಂಡ. ಅದೃಷ್ಟವಂತ.

ಎಲ್ಲರಿಗೂ ನಾಣ್ಯ ಸಿಗಲಿಲ್ಲ. ಉಳಿದವರಿಗೆ ಸಿಕ್ಕಿದ್ದು ರಫ್ತು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಜಪಾನಿನ ಸಾಮಾನಿಗೆ ಜನ ಮುಗಿಬಿದ್ದರು. ಮರುವರ್ಷವೇ ಸರ್ಕಾರದ ಬೆಂಬಲದಿಂದ ಕಿರಿತ್ಸು ಕೋಶೋ ಕೈಶಾ ಅನ್ನುವ ಕಂಪನಿ ಹುಟ್ಟಿತು. ಅದರ ಎರಕದ ಕಾರ್ಖಾನೆಗೆ ಮುಖ್ಯಸ್ಥ ಸುಜುಕಿ ಚೋಕಿಚಿ. ಅವನ ಒಂದು ಕಂಚಿನ ಧೂಪದಾನಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದು. ಆಳೆತ್ತರಕ್ಕಿಂತ ಎತ್ತರ, ಮೇಲೆಲ್ಲ ನವಿಲು. ಅದರ ಮುಂದೆ ನಿಂತಾಗ ನನಗೆ ಬಂದ ಮೊದಲ ಯೋಚನೆ, ಇದರಲ್ಲಿ ಧೂಪ ಹಾಕುವವರು ಯಾರು? ಕೆಲಸದಲ್ಲಿ ಒಂದು ಕೊರತೆ ಇಲ್ಲ. ಆದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಕೂಡಲು ಜಾಗ ಇಲ್ಲದ ಮದುವೆ ಮನೆಗೆ ಹೋದ ಹಾಗೆ. ಸ್ವಲ್ಪ ದೂರದ ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ತ್ಸುಬಾಗಳ ಸಾಲು. ನಾನು ಅಲ್ಲೇ ಜಾಸ್ತಿ ಹೊತ್ತು ನಿಂತೆ.

ಇದು ಚೋಕಿಚಿಯ ತಪ್ಪಲ್ಲ. ಪ್ರದರ್ಶನಕ್ಕೆ ಬಂದವನು ಹತ್ತಡಿ ದೂರದಿಂದ, ನೂಕುನುಗ್ಗಲಿನಲ್ಲಿ, ಅರೆ ನಿಮಿಷ ನೋಡುತ್ತಾನೆ. ಕೈಯಲ್ಲಿ ಹಿಡಿಯುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ಅವನನ್ನು ನಿಲ್ಲಿಸಬೇಕಾದರೆ ವಸ್ತು ದೊಡ್ಡದಾಗಬೇಕು, ಇಂಚಿಂಚೂ ತುಂಬಬೇಕು. ಶಕುದೋದ ನೇರಳೆ ಮಿಣುಕು ಹತ್ತಡಿಗೆ ಕಾಣುತ್ತದಾ? ಚಿನ್ನ ಕಾಣುತ್ತದೆ. ಹಾಗಾಗಿ ಮೇಲೆ ಚಿನ್ನ ಜಾಸ್ತಿಯಾಯಿತು.

ಆದರೂ ಕೆಲವರು ದೊಡ್ಡದರಲ್ಲೂ ಗೆದ್ದರು. ಇದೇ ಚೋಕಿಚಿ 1893ರ ಶಿಕಾಗೋ ಪ್ರದರ್ಶನಕ್ಕೆ ಹನ್ನೆರಡು ಗಿಡುಗ ಮಾಡಿದ. ಹಯಾಶಿ ತದಾಮಾಸಾ ಅನ್ನುವ ವ್ಯಾಪಾರಿ ಮಾಡಿಸಿದ್ದು. ಒಂದೊಂದು ಗಿಡುಗದ್ದೂ ಬೇರೆ ಭಂಗಿ, ಮೈಬಣ್ಣಕ್ಕೆ ಕಂಚು, ಬೆಳ್ಳಿ, ಚಿನ್ನ, ಶಕುದೋ, ಶಿಬುಇಚಿ. ಒಂದು ಬಗ್ಗಿ ಕೆಳಗೆ ನೋಡುತ್ತದೆ, ಇನ್ನೊಂದು ರೆಕ್ಕೆ ಬಿಚ್ಚಿ ಕೂಗುತ್ತದೆ. ಇಲ್ಲಿ ಅಲಂಕಾರಕ್ಕೆ ಅಂತ ಒಂದು ಗೆರೆಯೂ ಇಲ್ಲ. ಈಗ ಕನಜಾವಾದ ನ್ಯಾಷನಲ್ ಕ್ರಾಫ್ಟ್ಸ್ ಮ್ಯೂಸಿಯಮ್ಮಿನಲ್ಲಿವೆ.

ಇನ್ನೊಂದು ಉನ್ನೋ ಶೋಮಿನ್‌ನದು. ಮಿತೋ ಊರಿನ ಕತ್ತಿ ಸಾಮಾನಿನ ಪರಂಪರೆಯಿಂದ ಬಂದವನು. 1890ರಲ್ಲಿ ರಾನ್ರ್ಯೋಓ ಅನ್ನುವ ಆಸ್ಥಾನ ನೃತ್ಯದ ಒಂದು ಮೂರ್ತಿ ಮಾಡಿದ. ಚೀನಾದ ಒಬ್ಬ ರಾಜಕುಮಾರನ ಕಥೆ ಅದು. ಮುಖ ತುಂಬಾ ಚೆಂದ, ಯುದ್ಧದಲ್ಲಿ ಯಾರೂ ಹೆದರುತ್ತಿರಲಿಲ್ಲ. ಅದಕ್ಕೆ ಭಯಂಕರ ಮುಖವಾಡ ಹಾಕಿಕೊಂಡು ಹೋಗುತ್ತಿದ್ದನಂತೆ. ಶೋಮಿನ್ ಮಾಡಿದ ಮೂರ್ತಿಯ ಮುಖವಾಡ ಕಳಚಿ ಬರುತ್ತದೆ. ಒಳಗೆ ಪೂರ್ತಿ ಕೆತ್ತಿದ ಮುಖ ಇದೆ. ಪ್ರದರ್ಶನದಲ್ಲಿ ನೋಡುವವರಿಗೆ ಅದು ಕಾಣುವುದೇ ಇಲ್ಲ. ಅರ್ಧ ದಾರದಲ್ಲಿ ಮುಚ್ಚಿಹೋಗುವ ಮೆನುಕಿಗೆ ಕೇಸರ ಬಿಡಿಸಿದ ಅದೇ ಜನ, ಅದೇ ಚಾಳಿ. ಕೈಗೆತ್ತಿಕೊಂಡು ನೋಡುವವನೊಬ್ಬ ಇದ್ದೇ ಇರುತ್ತಾನೆ ಅನ್ನುವ ಹಾಗೆ ಮಾಡಿದ್ದಾನೆ ಪುಣ್ಯಾತ್ಮ. ಅದು ಅರಮನೆಯ ಸಂಗ್ರಹಕ್ಕೆ ಸೇರಿತು.

ನನಗೆ ಎಲ್ಲರಿಗಿಂತ ಇಷ್ಟ ಶೋಆಮಿ ಕತ್ಸುಯೋಶಿ. 1832ರಲ್ಲಿ ತ್ಸುಯಾಮಾದಲ್ಲಿ ಹುಟ್ಟಿ ಒಕಾಯಾಮಾದ ಶೋಆಮಿ ಮನೆಗೆ ದತ್ತು ಹೋದವನು. ಅಲ್ಲಿನ ಪಾಳೆಯಗಾರರ ಆಸ್ಥಾನದ ಕೆಲಸ ಇತ್ತು, 1871ರಲ್ಲಿ ಪಾಳೆಯಪಟ್ಟುಗಳೇ ಹೋದವು. ಹೂದಾನಿ, ಧೂಪದಾನಿ ಮಾಡಿ ಬದುಕಿದ. 1899ರಲ್ಲಿ, ವಯಸ್ಸಾದ ಮೇಲೆ, ಕ್ಯೋತೋಗೆ ಹೋಗಿ ನೆಲೆಸಿದ. ಅವನದೊಂದು ಧೂಪದಾನಿ ಇದೆ. ಒಂದು ಹಳೇ ಹೆಂಚು, ಮೇಲೊಂದು ಪಾರಿವಾಳ. ಅಷ್ಟೇ. ಹೆಂಚು ಲೋಹದ್ದು ಅಂತ ಹೇಳಿದರೂ ನಂಬಿಕೆ ಬರುವುದಿಲ್ಲ. ಮಳೆ ಬಿಸಿಲಿಗೆ ಸವೆದು ಒರಟಾದ ಮಣ್ಣಿನ ಮೈ. ಪಾರಿವಾಳ ಮಾತ್ರ ನುಣ್ಣಗೆ. ಹೊಸದಾಗಿ ಹೊಳೆಯುವುದನ್ನು ಮಾಡೋದು ಒಂದು ಕಷ್ಟ. ಲೋಹವನ್ನು ಹಳೇ ಮಣ್ಣಿನ ಹಾಗೆ ಕಾಣಿಸುವುದು ಅದಕ್ಕಿಂತ ಕಷ್ಟ. ಇದು ಹತ್ತಡಿ ದೂರಕ್ಕೆ ಮಾಡಿದ ಕೆಲಸ ಅಲ್ಲ.

ಇವರು ಮಾಡಿದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಯಿತು. ಆದ್ದರಿಂದ ಮುಂದಿನ ಜಪಾನಿಗಳು ನೋಡಲಿಲ್ಲ. ನೋಡದೆ ಮರೆತರು. 'ರಫ್ತು ಸಾಮಾನು' ಅಂತ ಕಲಾ ಇತಿಹಾಸದವರೂ ಮೂಗು ಮುರಿದರು. ಕಸುಬೇನೂ ಸತ್ತಿರಲಿಲ್ಲ. ಟೋಕಿಯೋ ಕಲಾಶಾಲೆಯಲ್ಲಿ ನತ್ಸುವೊ, ಶೋಮಿನ್ ಕಲಿಸಿದ್ದು ಮುಂದುವರಿಯಿತು. ಶೋಮಿನ್‌ನ ಮಗ ಉನ್ನೋ ಕಿಯೋಶಿಗೆ 1955ರಲ್ಲಿ 'ಜೀವಂತ ರಾಷ್ಟ್ರನಿಧಿ' ಗೌರವ ಸಿಕ್ಕಿತು. ಕನಜಾವಾದಲ್ಲಿ ಹಳೇ ಕಾಗಾ ಪಾಳೆಯದ, ಒಂದು ಲೋಹದೊಳಗೆ ಇನ್ನೊಂದು ಲೋಹ ಕೂರಿಸುವ ಕೆಲಸ ಇವತ್ತಿಗೂ ಇದೆ. ಹಿಂದೆ ಅಲ್ಲಿನವರು ಕುದುರೆಯ ರಿಕಾಪಿಗೆ ಬೆಳ್ಳಿ ಕೂರಿಸುವುದರಲ್ಲಿ ಹೆಸರುವಾಸಿ. ಬಾಯಿಗಿಂತ ತಳದಲ್ಲಿ ಅಗಲವಾಗಿ ಹಳ್ಳ ಕೊರೆದು ಬೆಳ್ಳಿ ಬಡಿದು ತುಂಬಿದರೆ ಮತ್ತೆ ಅದು ಏಳುವುದಿಲ್ಲ. ಅದೇ ವಿದ್ಯೆಯಲ್ಲಿ ನಕಾಗಾವಾ ಮಮೋರು 2004ರಲ್ಲಿ ರಾಷ್ಟ್ರನಿಧಿಯಾದರು. ಅವರ ಹೂದಾನಿಗಳಲ್ಲಿ ಡ್ರ್ಯಾಗನ್ ಇಲ್ಲ, ನವಿಲಿಲ್ಲ. ಬರೀ ಬಣ್ಣದ ಪಟ್ಟೆ, ಆಕಾಶ, ಬೆಳಕು. ಕುದಿಸುವ ಪಾತ್ರೆ ಮಾತ್ರ ಹಳೇದೇ.

ಮರೆತ ಕೆಲಸವನ್ನು ಮನೆಗೆ ತಂದವರಲ್ಲಿ ಮುರಾತಾ ಮಸಾಯುಕಿ ಮುಖ್ಯರು. ಎಲೆಕ್ಟ್ರಾನಿಕ್ ಬಿಡಿಭಾಗ ಮಾಡುವ ದೊಡ್ಡ ಕಂಪನಿಯ ಮನೆತನದವರು. ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದಾಗ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ತಮ್ಮದೇ ದೇಶದ ಒಂದು ಇನ್ರೋ, ಸೊಂಟಕ್ಕೆ ತೂಗುಹಾಕುವ ಪುಟ್ಟ ಡಬ್ಬಿ, ಕಂಡು ಬೆರಗಾದರು. ಆಮೇಲೆ ಕೊಳ್ಳುತ್ತಲೇ ಹೋದರು, ಹೊರದೇಶಗಳಿಂದ ವಾಪಸ್ ತರುತ್ತಲೇ ಹೋದರು. 2000ದಲ್ಲಿ ಕ್ಯೋತೋದಲ್ಲಿ ಕಿಯೋಮಿಜು ಸನ್ನೆನ್‌ಜಾಕಾ ಮ್ಯೂಸಿಯಂ ತೆರೆದರು. ಕತ್ಸುಯೋಶಿಯ ಪಾರಿವಾಳ ಅಲ್ಲಿದೆ.

ಕಿಯೋಮಿಜು ದೇವಸ್ಥಾನಕ್ಕೆ ಹತ್ತುವ ದಾರಿಯಲ್ಲೇ ಈ ಮ್ಯೂಸಿಯಂ. ದೇವಸ್ಥಾನಕ್ಕೆ ಹೋಗುವ ಪ್ರವಾಸಿಗರು ಐಸ್‌ಕ್ರೀಮ್ ಹಿಡಿದುಕೊಂಡು ಇದರ ಪಕ್ಕದಲ್ಲೇ ಹಾದುಹೋಗುತ್ತಾರೆ. ನೀವು ಆ ಕಡೆ ಹೋದರೆ ಒಳಗೆ ಹೋಗಿ. ಪ್ರದರ್ಶನಕ್ಕಿಡುವ ವಸ್ತುಗಳು ಆಗಾಗ ಬದಲಾಗುತ್ತವೆ, ಪಾರಿವಾಳ ಸಿಗದಿದ್ದರೆ ಬೇಜಾರು ಬೇಡ. ಶಕುದೋದ ಯಾವುದೇ ಸಣ್ಣ ವಸ್ತು ಹುಡುಕಿ, ನೆಟ್ಟಗೆ ನಿಂತು ನೋಡಬೇಡಿ. ಮೊಣಕಾಲು ಬಗ್ಗಿಸಿ, ತಲೆ ಸ್ವಲ್ಪ ಆಚೆ ಈಚೆ ಮಾಡಿ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ನೇರಳೆ ಕಾಣುವುದು ಹಾಗೆ ಮಾಡಿದರೇನೇ.